ಬೀದಿಗೆಲ್ಲ ಗೊತ್ತು, ಆಪಾದಿತನಿಗೆ ಮಾತ್ರ ಗುಟ್ಟು!

ನಮ್ಮ ಆಫೀಸುಗಳಲ್ಲಿ ಗುಟ್ಟು ಎಂಬ ಮಾತಿಗೆ ಒಂದು ವಿಚಿತ್ರ ಅರ್ಥ ಬಂದುಬಿಟ್ಟಿದೆ. ಯಾರ ಮೇಲಾದರೂ ಒಂದು ದೂರು ಬಂತೆನ್ನಿ. ದೂರು ಕೊಟ್ಟವರು ಯಾರು, ಏನು ಬರೆದಿದ್ದಾರೆ, ಯಾರು ಸಾಕ್ಷಿ ಹಾಕಿದ್ದಾರೆ ಎಂಬುದೆಲ್ಲ ಸಂಜೆಯೊಳಗೆ ಹೋಟೆಲಿನ ಬೈಟೂ ಕಾಫಿಯ ಜೊತೆ ಹಂಚಿಕೆಯಾಗಿರುತ್ತದೆ. ಆದರೆ ದೂರು ಯಾರ ಮೇಲಿದೆಯೋ ಅವನು ಹೋಗಿ, 'ಸ್ವಾಮಿ, ನನ್ನ ಮೇಲೆ ಏನು ಬರೆದಿದ್ದಾರೆ, ಒಂದು ನಕಲು ಕೊಡಿ' ಅಂತ ಕೇಳಿದರೆ, 'ಅದು ಗೌಪ್ಯ ಕಣ್ರೀ, ಕೊಡೋಕೆ ಬರಲ್ಲ' ಎಂಬ ಉತ್ತರ ಸಿಗುತ್ತದೆ.

ದೂರು ಕೊಟ್ಟ ಹೆಣ್ಣುಮಗಳ ಪಾಡು ಇದಕ್ಕಿಂತ ಕಡೆ. 'ನಿನ್ನ ಹೆಸರು ಹೊರಗೆ ಬರೋದಿಲ್ಲಮ್ಮ' ಎಂದು ಭರವಸೆ ಕೊಟ್ಟ ಸಾಹೇಬರ ಕೋಣೆಯಿಂದಲೇ ಹೆಸರು ಹೊರಗೆ ಬಂದಿರುತ್ತದೆ. ಮಾರನೇ ದಿನ ಆಕೆ ಬಸ್ಸು ಹತ್ತಿದರೆ ಹಿಂದಿನ ಸೀಟಿನಲ್ಲಿ ಗುಸುಗುಸು.

ಅಂದರೆ ಯಾರಿಂದ ಮುಚ್ಚಿಡಬೇಕೋ ಅವರಿಗೆಲ್ಲ ಗೊತ್ತು, ಯಾರಿಗೆ ತಿಳಿಸಬೇಕೋ ಅವನಿಗೆ ಗೊತ್ತಿಲ್ಲ. ಬೇಲಿ ಹಾಕಬೇಕಾದದ್ದು ಬೀದಿಯ ಕಡೆ. ನಮ್ಮವರು ಹಾಕುತ್ತಿರುವುದು ವಿಚಾರಣೆಯ ಮೇಜಿನ ನಡುವೆ. ಈ ವಾರ ಈ ಅಂಕಣದ ವಿಷಯ ಅದೇ. ಇದು ವಕೀಲರಿಗೆ ಮಾತ್ರ ಸಂಬಂಧಿಸಿದ್ದು ಎಂದುಕೊಂಡು ಪುಟ ತಿರುಗಿಸಬೇಡಿ. ಬಸ್ಸಿನ ಕಂಡಕ್ಟರಿಂದ ಹಿಡಿದು ಮಂಡಿಪೇಟೆಯ ಅಂಗಡಿಯಲ್ಲಿ ಲೆಕ್ಕ ಬರೆಯೋ ಗುಮಾಸ್ತನವರೆಗೆ ಯಾರ ಮನೆ ಬಾಗಿಲಿಗೂ ಇಂಥ ಕಾಗದ ಒಂದು ದಿನ ಬರಬಹುದು.

ಎಲ್ಲ ಪಾತ್ರವೂ ಒಬ್ಬರದೇ

ಕೋರ್ಟಿನಲ್ಲಾದರೆ ಪೊಲೀಸರು ಬೇರೆ, ವಕೀಲರು ಬೇರೆ, ಜಡ್ಜು ಬೇರೆ. ಇಲಾಖಾ ವಿಚಾರಣೆಯಲ್ಲಿ ಹಾಗಲ್ಲ. ದೂರು ಪಡೆಯುವುದು ಆಡಳಿತ, ಚಾರ್ಜ್‌ಶೀಟು ಕೊಡುವುದು ಆಡಳಿತ, ವಿಚಾರಣಾಧಿಕಾರಿಯನ್ನು ನೇಮಿಸುವುದು ಆಡಳಿತ, ಕೊನೆಗೆ ಶಿಕ್ಷೆಯ ಆದೇಶಕ್ಕೆ ರುಜು ಹಾಕುವುದೂ ಆಡಳಿತವೇ. ಇದು ಕಾನೂನು ಒಪ್ಪಿದ ಏರ್ಪಾಡು, ತಪ್ಪೆನ್ನುವಂತಿಲ್ಲ. ಆದರೆ ಎಲ್ಲ ಪಾತ್ರವನ್ನೂ ಒಬ್ಬರೇ ಕಟ್ಟಿದಾಗ ಆಪಾದಿತನ ಕೈಯಲ್ಲಿ ಉಳಿಯುವುದು ಕಾಗದ ಒಂದೇ. ಅದನ್ನೂ ಕಿತ್ತುಕೊಂಡರೆ ಅವನು ಗಾಳಿಗೆ ಗುದ್ದಬೇಕಾಗುತ್ತದೆ.

ನಿಯಮಗಳಿಗೇನೂ ಬರವಿಲ್ಲ. ಸರ್ಕಾರಿ ನೌಕರರಿಗೆ ಸಂವಿಧಾನದ 311ನೇ ವಿಧಿ ಇದೆ, ರಾಜ್ಯದ 1957ರ ಸಿ.ಸಿ.ಎ. ನಿಯಮಗಳಿವೆ. ಕೆ.ಎಸ್.ಆರ್.ಟಿ.ಸಿ. ನೌಕರರಿಗೆ 1971ರ ನಡತೆ ಮತ್ತು ಶಿಸ್ತು ನಿಯಮಾವಳಿ ಇದೆ. ಕಾರ್ಖಾನೆ ಕೆಲಸಗಾರರಿಗೆ 1946ರ ಸ್ಥಾಯೀ ಆದೇಶಗಳ ಕಾಯಿದೆ ಇತ್ತು. 2025ರ ನವೆಂಬರಿನಿಂದ ಅದರ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಸಸ್ಪೆಂಡಾದ ಕೆಲಸಗಾರನಿಗೆ ಮೊದಲ 90 ದಿನ ಅರ್ಧ ಸಂಬಳ, ತಡವಾದದ್ದು ಅವನಿಂದಲ್ಲ ಎಂದಾದರೆ ಆಮೇಲೆ ಮುಕ್ಕಾಲು ಸಂಬಳ ಎಂಬುದು ಹಳೆಯ ಕಾಯಿದೆಯಲ್ಲೂ ಇತ್ತು, ಹೊಸದರಲ್ಲೂ ಇದೆ. ಅರ್ಧ ಸಂಬಳದಲ್ಲಿ ಮನೆ ಬಾಡಿಗೆ, ಮಕ್ಕಳ ಫೀಜು, ಕಿರಾಣಿ ಅಂಗಡಿಯ ಸಾಲ ತೂಗಿಸುತ್ತಾ 'ನನ್ನ ಮೇಲಿನ ಸಾಕ್ಷಿ ಏನು' ಎಂದು ಅಲೆಯುವವನ ಕಷ್ಟ ಸಾಲ ಕೊಟ್ಟ ಅಂಗಡಿಯವರಿಗೇ ಚೆನ್ನಾಗಿ ಗೊತ್ತು.

'ಸಾರಾಂಶ ಸಾಕು' ಎಂದರೆ ಸಾಲದು

ಈ ಗೊಂದಲವನ್ನು ಸುಪ್ರೀಂ ಕೋರ್ಟು ಐವತ್ತು ವರ್ಷದ ಹಿಂದೆಯೇ ಬಿಡಿಸಿದೆ. 1974ರಲ್ಲಿ ಪಂಜಾಬಿನ ಒಂದು ಪ್ರಕರಣ. ಸಾಕ್ಷಿಗಳ ಹೇಳಿಕೆಯ ನಕಲು ಕೊಡದೆ, ಅದರ ಸಾರಾಂಶ ಮಾತ್ರ ನೌಕರನಿಗೆ ಕೊಟ್ಟಿದ್ದರು. ಇಷ್ಟರಿಂದ ಅವನಿಗೆ ತಕ್ಕ ಅವಕಾಶ ಸಿಕ್ಕಂತಾಗಲಿಲ್ಲ ಎಂದಿತು ಕೋರ್ಟು. ಸಾಕ್ಷಿ ಆಗ ಏನು ಹೇಳಿದ್ದ, ಈಗ ಏನು ಹೇಳುತ್ತಿದ್ದಾನೆ ಅಂತ ತಾಳೆ ನೋಡದೆ ಪಾಟೀಸವಾಲು ಮಾಡುವುದಾದರೂ ಹೇಗೆ?

1986ರ ಪ್ರಕರಣ ಇನ್ನೂ ಸ್ವಾರಸ್ಯ. ಈ ಸಲ ಆಪಾದನೆ ಹೊತ್ತವನು ಉತ್ತರ ಪ್ರದೇಶದ ಪೊಲೀಸ್ ಅಧಿಕಾರಿ. ಅವನ ಮೇಲೆ 38 ಸಾಕ್ಷಿಗಳು, 112 ದಾಖಲೆಗಳು. ನಕಲು ಕೇಳಿದರೆ, 'ಬಂದು ನೋಡಿಕೊಂಡು ಹೋಗು' ಎಂದರು. 'ನೂರಾರು ಪುಟ ಇದೆ, ಬರೆದುಕೊಳ್ಳಲು ಸ್ಟೆನೋ ಒಬ್ಬನನ್ನು ಕರೆದುಕೊಂಡು ಬರುತ್ತೇನೆ' ಎಂದರೆ ಅದಕ್ಕೂ ಒಪ್ಪಲಿಲ್ಲ. ಅಷ್ಟು ದಾಖಲೆಯನ್ನು ತಲೆಯಲ್ಲಿ ತುಂಬಿಕೊಂಡು ಹೋಗಲು ಅವನೇನು ಅವಧಾನಿಯೇ? ಇದು ನ್ಯಾಯವಲ್ಲವೆಂದು ಹೇಳಿ ಸುಪ್ರೀಂ ಕೋರ್ಟು ವಜಾ ಆದೇಶವನ್ನೇ ರದ್ದು ಮಾಡಿತು.

1993ರಲ್ಲಿ ಐವರು ನ್ಯಾಯಾಧೀಶರ ಪೀಠ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ವಿಚಾರಣಾಧಿಕಾರಿಯ ವರದಿಯ ನಕಲನ್ನು ಶಿಕ್ಷೆಗೆ ಮೊದಲೇ ನೌಕರನಿಗೆ ಕೊಡಬೇಕು, ಅವನ ಮಾತು ಕೇಳಬೇಕು; ಸರ್ಕಾರಿಯಾಗಲಿ ಖಾಸಗಿಯಾಗಲಿ, ನಿಯಮದಲ್ಲಿ ಬರೆದಿರಲಿ ಬಿಡಲಿ, ಇದು ಎಲ್ಲ ಕಡೆಗೂ ಅನ್ವಯ ಎಂದು ಹೇಳಿತು.

ಹಾಗಂತ ನೌಕರರು ಹಿಗ್ಗಬೇಕಾಗಿಲ್ಲ. ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳಿದೆ. ನಕಲು ಕೊಡಲಿಲ್ಲ ಎಂದಾಕ್ಷಣ ಶಿಕ್ಷೆ ತಾನಾಗಿಯೇ ಬಿದ್ದುಹೋಗುವುದಿಲ್ಲ. ಅದು ಸಿಗದೆ ತನಗೆ ಏನು ತೊಂದರೆಯಾಯಿತು ಎಂಬುದನ್ನು ನೌಕರ ತೋರಿಸಬೇಕು. ಆಫೀಸಿನ ಬೀರುವೆಲ್ಲ ಖಾಲಿ ಮಾಡಿ ಕೊಡಿ ಎಂದು ಕೇಳಿ ವರ್ಷಗಟ್ಟಲೆ ಎಳೆಯುವ ಚಾಳಿಗೂ ಕೋರ್ಟು ಸೊಪ್ಪು ಹಾಕುವುದಿಲ್ಲ.

ಹನ್ನೊಂದು ಮಂದಿ ಪ್ರಯಾಣಿಕರು

ಬಸ್ಸಿನಲ್ಲಿ ಓಡಾಡುವವರು ಮುಖ್ಯವಾಗಿ ತಿಳಿಯಬೇಕಾದದ್ದು 1977ರ ತೀರ್ಪು. ಹರಿಯಾಣದ ಸರ್ಕಾರಿ ಬಸ್ಸಿನಲ್ಲಿ ಚೆಕಿಂಗ್ ನಡೆದಾಗ 11 ಮಂದಿ ಪ್ರಯಾಣಿಕರ ಕೈಯಲ್ಲಿ ಟಿಕೆಟ್ ಇರಲಿಲ್ಲ. ದುಡ್ಡು ಕೊಟ್ಟಿದ್ದೇವೆ ಎಂದರಂತೆ, ಬರೆದು ಕೊಡಲು ಮಾತ್ರ ಒಪ್ಪಲಿಲ್ಲ. ಕಂಡಕ್ಟರನ ನೌಕರಿ ಹೋಯಿತು. 'ಆ ಹನ್ನೊಂದು ಜನರಲ್ಲಿ ಒಬ್ಬರನ್ನೂ ವಿಚಾರಣೆಗೆ ಕರೆಸಲಿಲ್ಲವಲ್ಲ' ಎಂಬುದು ಅವನ ವಾದ. ಕೆಳಗಿನ ಕೋರ್ಟುಗಳು ಅವನ ಪರ ನಿಂತವು. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ತಿರುಗಿಸಿ ಹೇಳಿದರು: ಇಲಾಖಾ ವಿಚಾರಣೆಗೆ ಸಾಕ್ಷ್ಯ ಕಾಯಿದೆಯ ಕಟ್ಟುನಿಟ್ಟು ಇಲ್ಲ, ಪ್ರಯಾಣಿಕರನ್ನು ಬೆನ್ನಟ್ಟಿ ಹಿಡಿದು ತರಬೇಕಾಗಿಲ್ಲ, ನಂಬಬಹುದಾದ ಒಂದಿಷ್ಟು ಸಾಕ್ಷ್ಯ ಇದ್ದರೆ ಸಾಕು.

ಇದರಲ್ಲಿ ವ್ಯವಹಾರಜ್ಞಾನ ಇದೆ, ಒಪ್ಪೋಣ. ಪಿ.ಬಿ. ರಸ್ತೆಯಲ್ಲಿ ಬಸ್ಸಿಳಿದು ಹೋದ ಪ್ರಯಾಣಿಕನನ್ನು ಆರು ತಿಂಗಳಾದ ಮೇಲೆ ಎಲ್ಲಿ ಹುಡುಕುವುದು? ಅವನಾದರೂ ಒಂದು ದಿನದ ಕೂಲಿ ಬಿಟ್ಟು ಡಿಪೋಗೆ ಯಾಕೆ ಬರುತ್ತಾನೆ? ಆದರೆ ಈ ತೀರ್ಪಿನ ಅರ್ಥವನ್ನು ಕೆಲವರು ಎಳೆದು ಎಳೆದು, 'ನಮ್ಮ ವಿಚಾರಣೆಗೆ ಯಾವ ನಿಯಮವೂ ಇಲ್ಲ' ಎಂಬಲ್ಲಿಗೆ ತಂದು ನಿಲ್ಲಿಸುತ್ತಾರೆ. ತೀರ್ಪು ಹೇಳಿದ್ದು ಸಾಕ್ಷ್ಯ ಎಷ್ಟಿರಬೇಕು ಎಂಬುದನ್ನು. ಇರುವ ಸಾಕ್ಷ್ಯವನ್ನು ಬಚ್ಚಿಡಿ ಅಂತ ಅದು ಎಲ್ಲಿ ಹೇಳಿದೆ?

ಇಂದಿನ ಬಸ್ಸಿನ ಲೆಕ್ಕಕ್ಕೆ ಇದನ್ನು ಇಳಿಸಿ ನೋಡಿ. ಟಿಕೆಟ್ ಮಿಷನ್ನಿನಲ್ಲಿ ಆ ಟ್ರಿಪ್ಪಿನ ಪ್ರತಿ ಟಿಕೆಟ್ಟಿನ ವೇಳೆ ಇರುತ್ತದೆ. ಚೆಕಿಂಗ್‌ನವರ ವರದಿ ಇರುತ್ತದೆ. ನಗದಿನ ಲೆಕ್ಕ ಇರುತ್ತದೆ. ಇವು ಯಾವುವೂ ಯಾರ ಮಾನಕ್ಕೂ ಸಂಬಂಧಿಸಿದ ಗುಟ್ಟಲ್ಲ, ಕಂಡಕ್ಟರನಿಗೆ ಕೊಡಲು ಏನು ಅಡ್ಡಿ? ದೂರು ಕೊಟ್ಟ ಪ್ರಯಾಣಿಕಳ ಮನೆ ವಿಳಾಸ, ಫೋನ್ ನಂಬರು ಮಾತ್ರ ಬೇರೆ. ಅವು ಅವನಿಗೆ ಬೇಕಾಗಿಯೂ ಇಲ್ಲ. ಆ ಸಾಲಿನ ಮೇಲೆ ಕಪ್ಪು ಮಸಿ ಬಳಿದು ಉಳಿದ ಪುಟ ಕೊಟ್ಟರೆ ಎರಡೂ ಕಡೆಗೆ ನ್ಯಾಯವಾಯಿತು. ಒಂದು ಸಾಲು ಮುಚ್ಚಬೇಕಾದ ಕಡೆ ಇಡೀ ಫೈಲು ಮುಚ್ಚುವುದು ಸೋಮಾರಿತನ, ಇಲ್ಲವೇ ಕಿಡಿಗೇಡಿತನ.

ಸಾಕ್ಷಿಗೇ ಹೆದರಿಕೆಯಾದರೆ?

ನಾಣ್ಯದ ಇನ್ನೊಂದು ಮಗ್ಗುಲೂ ಇದೆ. ರಾಂಚಿಯ ಮೆಡಿಕಲ್ ಕಾಲೇಜಿನಲ್ಲಿ ಕೆಲವು ಹುಡುಗರು ರಾತ್ರಿ ಹುಡುಗಿಯರ ಹಾಸ್ಟೆಲಿನ ಆವರಣಕ್ಕೆ ನುಗ್ಗಿ ಅಸಭ್ಯವಾಗಿ ವರ್ತಿಸಿದರು. 36 ಹುಡುಗಿಯರು ದೂರು ಕೊಟ್ಟರು. ಹುಡುಗರ ಎದುರು ನಿಂತು ಸಾಕ್ಷಿ ಹೇಳಿದರೆ ಆಮೇಲೆ ತಮ್ಮ ಗತಿ ಏನು ಎಂಬ ಭಯ ಅವರಿಗೆ. ಸಮಿತಿ ಹುಡುಗರನ್ನು ಹೊರಗಿಟ್ಟು ಹೇಳಿಕೆ ಪಡೆಯಿತು, ಆಪಾದಿತರ ಫೋಟೋಗಳನ್ನು ಬೇರೆಯವರ ಫೋಟೋಗಳ ಜೊತೆ ಬೆರೆಸಿ ಗುರುತು ಹಿಡಿಸಿತು. ಆಮೇಲೆ ಹುಡುಗರಿಗೆ ಆಪಾದನೆ ತಿಳಿಸಿ ಅವರ ಉತ್ತರ ಪಡೆಯಿತು. 'ಹೇಳಿಕೆಯ ನಕಲು ಕೊಡಲಿಲ್ಲ, ಪಾಟೀಸವಾಲಿಗೆ ಬಿಡಲಿಲ್ಲ' ಎಂದು ಹುಡುಗರು ಸುಪ್ರೀಂ ಕೋರ್ಟಿಗೆ ಹೋದರೆ, 1973ರಲ್ಲಿ ಕೋರ್ಟು ಕಾಲೇಜಿನ ಕ್ರಮವನ್ನೇ ಎತ್ತಿಹಿಡಿಯಿತು. ನ್ಯಾಯದ ಪದ್ಧತಿ ಸಂದರ್ಭಕ್ಕೆ ತಕ್ಕ ಹಾಗೆ ಬದಲಾಗುತ್ತದೆ ಎಂಬುದು ಅದರ ತಿರುಳು.

ಇದು ವಿದ್ಯಾರ್ಥಿಗಳ ಪ್ರಕರಣವಾದರೂ ಕೆಲಸದ ಜಾಗದ ವಿಚಾರಣೆಗಳಲ್ಲಿ ಇಂದಿಗೂ ಇದರ ಮಾತು ಬರುತ್ತದೆ. ಬರಲಿ. ಆದರೆ ಅಲ್ಲಿ ನಿಜವಾದ ಹೆದರಿಕೆ ಇತ್ತು, ಆಪಾದನೆ ಏನೆಂದು ಹುಡುಗರಿಗೆ ಸ್ಪಷ್ಟವಾಗಿ ತಿಳಿಸಲಾಗಿತ್ತು, ತಪ್ಪು ಮನುಷ್ಯನನ್ನು ಹಿಡಿಯದಂತೆ ಫೋಟೋದ ಎಚ್ಚರಿಕೆಯೂ ಇತ್ತು. ಗೋಡೌನಿನಲ್ಲಿ ನಾಲ್ಕು ಚೀಲ ಕಡಿಮೆಯಾದ ಪ್ರಕರಣಕ್ಕೆ ರಾಂಚಿಯ ತೀರ್ಪನ್ನು ಗುರಾಣಿ ಮಾಡಿಕೊಂಡು ಸ್ಟಾಕ್ ರಿಜಿಸ್ಟರನ್ನು ಬಚ್ಚಿಟ್ಟರೆ ಅದನ್ನು ಏನೆನ್ನಬೇಕು?

2013ರ ಕಾಯಿದೆ ಏನು ಹೇಳುತ್ತದೆ

ಕೆಲಸದ ಜಾಗದಲ್ಲಿ ಹೆಂಗಸರ ಮೇಲೆ ನಡೆಯುವ ಲೈಂಗಿಕ ಕಿರುಕುಳಕ್ಕೆ 1997ರಲ್ಲಿ ವಿಶಾಖಾ ತೀರ್ಪು ಬಂತು, 2013ರಲ್ಲಿ ಕಾಯಿದೆ ಬಂತು. ಗುಟ್ಟಿನ ಬಗ್ಗೆ ಅತಿ ಬಿಗಿಯಾಗಿ ಮಾತಾಡುವುದು ಈ ಕಾಯಿದೆಯೇ. ಅದರ 16ನೇ ಕಲಮಿನ ಪ್ರಕಾರ ದೂರಿನ ವಿಷಯ, ದೂರು ಕೊಟ್ಟಾಕೆ, ಆಪಾದಿತ ಮತ್ತು ಸಾಕ್ಷಿಗಳ ಗುರುತು, ವಿಚಾರಣೆಯ ನಡಾವಳಿ ಇವನ್ನು ಸಾರ್ವಜನಿಕರಿಗಾಗಲಿ ಪತ್ರಿಕೆಗಾಗಲಿ ತಿಳಿಸುವಂತಿಲ್ಲ. ನೋಡಿ, ಆಪಾದಿತನ ಹೆಸರಿಗೂ ಇಲ್ಲಿ ರಕ್ಷಣೆ ಇದೆ. ವಿಚಾರಣೆಯ ಕೆಲಸ ವಹಿಸಿಕೊಂಡವರೇ ಬಾಯಿಬಿಟ್ಟರೆ 5,000 ರೂಪಾಯಿ ದಂಡ. ನಮ್ಮ ಪತ್ರಿಕೆಯಲ್ಲಿ ಇಂಥ ಪ್ರಕರಣದ ಹೆಸರುಗಳು ಬರದಿರುವುದಕ್ಕೆ ಕಾರಣ ಇದೇ. 'ಹೆಸರು ಹಾಕ್ರೀ, ಪೇಪರ್ ಖರ್ಚಾಗುತ್ತೆ' ಅನ್ನುವ ಏಜೆಂಟರು ದಯವಿಟ್ಟು ಕ್ಷಮಿಸಬೇಕು.

ಇಷ್ಟು ಬಿಗಿ ಇರುವ ಕಾಯಿದೆ ಆಪಾದಿತನಿಂದ ಕಾಗದವನ್ನು ಬಚ್ಚಿಡಿ ಎನ್ನುತ್ತದೆಯೇ? ಇಲ್ಲ. ದೂರು ಬಂದ 7 ಕೆಲಸದ ದಿನಗಳೊಳಗೆ ಅದರ ಪ್ರತಿಯನ್ನು ಆಪಾದಿತನಿಗೆ ಕಳಿಸಬೇಕು. ಅವನು 10 ಕೆಲಸದ ದಿನಗಳೊಳಗೆ ತನ್ನ ಉತ್ತರ, ದಾಖಲೆ, ಸಾಕ್ಷಿಗಳ ಪಟ್ಟಿ ಕೊಡಬೇಕು. 90 ದಿನದಲ್ಲಿ ವಿಚಾರಣೆ ಮುಗಿಯಬೇಕು. ಮುಗಿದ 10 ದಿನದೊಳಗೆ ವರದಿ ಎರಡೂ ಕಡೆಯವರ ಕೈ ಸೇರಬೇಕು. ಸ್ವಾಭಾವಿಕ ನ್ಯಾಯದ ಪ್ರಕಾರ ನಡೆಯಬೇಕೆಂದು ನಿಯಮದಲ್ಲೇ ಬರೆದಿದೆ. ಹೊರಗಿನವರಿಗೆ ಬಾಗಿಲು ಹಾಕಿ ಒಳಗಿನವರಿಗೆ ದೀಪ ಹಚ್ಚು ಎಂಬುದೇ ಈ ಕಾಯಿದೆಯ ರೀತಿ.

ದೂರು ಕೊಟ್ಟಾಕೆಯನ್ನು ಆಪಾದಿತನ ಎದುರು ಕೂರಿಸಿ ಕಾಡಬೇಕೇ? ಅದೂ ಬೇಕಿಲ್ಲ. ಆಪಾದಿತ ತನ್ನ ಪ್ರಶ್ನೆಗಳನ್ನು ಬರೆದು ಸಮಿತಿಗೆ ಕೊಡುವುದು, ಸಮಿತಿ ಅವನ್ನು ಆಕೆಗೆ ಕೇಳಿ ಉತ್ತರ ಬರೆದುಕೊಳ್ಳುವುದು, ಈ ಪದ್ಧತಿಯನ್ನು ಹೈಕೋರ್ಟುಗಳು ಒಪ್ಪಿವೆ. ಎದುರು ನಿಂತು ಬಾಯಲ್ಲಿ ಕೇಳುವ ಪಾಟೀಸವಾಲೊಂದೇ ದಾರಿಯಲ್ಲ ಎಂದು ಕೇರಳ ಹೈಕೋರ್ಟು 2016ರಲ್ಲಿ ಹೇಳಿದೆ. ಹೆಣ್ಣುಮಗಳ ಮಾನವೂ ಉಳಿಯಿತು, ಆಪಾದಿತನ ಪ್ರಶ್ನೆಯೂ ಉಳಿಯಿತು.

ಅವಸರದ ಬೆಲೆ ತೆತ್ತವರು ಯಾರು

'ಆಪಾದಿತನಿಗೆ ಇಷ್ಟೆಲ್ಲ ಉಪಚಾರ ಯಾಕ್ರೀ? ತಪ್ಪು ಮಾಡಿದವನನ್ನು ಒದ್ದು ಓಡಿಸಬೇಕು' ಎಂದು ಬಸ್‌ಸ್ಟ್ಯಾಂಡಿನಲ್ಲಿ ಮಾತಾಡುವವರಿದ್ದಾರೆ. ಅವರು ಗೋವಾ ವಿಶ್ವವಿದ್ಯಾಲಯದ ಪ್ರಕರಣವನ್ನು ಗಮನಿಸಬೇಕು. ಅಲ್ಲಿ 2009ರಲ್ಲಿ ಒಬ್ಬ ವಿಭಾಗ ಮುಖ್ಯಸ್ಥರ ಮೇಲೆ ಕಿರುಕುಳದ ದೂರುಗಳು ಬಂದವು. ಸಮಿತಿ ಒಂದರ ಹಿಂದೆ ಒಂದು ಸಭೆ ನಡೆಸಿ, ಆಪಾದಿತರಿಗೆ ತಯಾರಾಗಲು ಸರಿಯಾದ ಸಮಯ ಕೊಡದೆ, ಅವಸರದಲ್ಲಿ ಮುಗಿಸಿತು. ನೌಕರಿ ಹೋಯಿತು. ಪ್ರಕರಣ ಕೋರ್ಟು ಹತ್ತಿತು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ಅವಸರಕ್ಕಾಗಿಯೇ ಆದೇಶವನ್ನು ರದ್ದು ಮಾಡಿ, ಮತ್ತೆ ವಿಚಾರಣೆ ಮಾಡಿ ಅಂತ ಹಿಂದಕ್ಕೆ ಕಳಿಸಿತು.

ಲೆಕ್ಕ ಹಾಕಿ. 2009ರಿಂದ 2023. ಹದಿನಾಲ್ಕು ವರ್ಷ. ಆಪಾದಿತರು ತಪ್ಪು ಮಾಡಿದ್ದರೋ ಇಲ್ಲವೋ ಎಂಬುದನ್ನು ಕೋರ್ಟು ತೀರ್ಮಾನಿಸಲೇ ಇಲ್ಲ. ದೂರು ಕೊಟ್ಟವರು ಅಷ್ಟು ವರ್ಷದ ಮೇಲೆ ಮತ್ತೆ ಅದೇ ನೋವನ್ನು ಹೇಳಬೇಕಾದ ಪರಿಸ್ಥಿತಿ. ಇದರಿಂದ ಅವರಿಗೆ ಏನು ಉಪಕಾರವಾಯಿತು? ಆಪಾದಿತನಿಗೆ ಕಾಗದವನ್ನೂ ಕಾಲಾವಕಾಶವನ್ನೂ ಕೊಡದ ವಿಚಾರಣೆ, ಕೊನೆಗೆ ದೂರು ಕೊಟ್ಟವರ ತಲೆಯ ಮೇಲೇ ಬೀಳುತ್ತದೆ.

ಇನ್ನು ಗುಟ್ಟಿನ ನೆಪದ ವಿಷಯ. ಷೇರುಪೇಟೆಯನ್ನು ನೋಡಿಕೊಳ್ಳುವ ಸೆಬಿಯ ಒಂದು ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟು ಒಂದು ಅಳತೆಗೋಲು ಕೊಟ್ಟಿದೆ. ತೀರ್ಮಾನಕ್ಕೆ ಆಧಾರವಾಗುವ ತನಿಖಾ ವರದಿಯನ್ನು ಎದುರು ಪಕ್ಷಕ್ಕೆ ತೋರಿಸಬೇಕು. ಮೂರನೆಯವರ ಖಾಸಗಿ ವಿಷಯದಂಥ ಭಾಗಗಳನ್ನು ಮುಚ್ಚಬಹುದು. ಆದರೆ ಮುಚ್ಚುವುದಕ್ಕೆ ಕಾರಣ ಇರಬೇಕು. ಅದು ನೌಕರಿಯ ಪ್ರಕರಣವಲ್ಲದಿದ್ದರೂ ನಮ್ಮ ಊರಿನ ಆಫೀಸುಗಳಿಗೆ ಈ ಅಳತೆ ಚೆನ್ನಾಗಿಯೇ ಒಪ್ಪುತ್ತದೆ.

ಹಾಗಾದರೆ ಮಾಡಬೇಕಾದ್ದೇನು

ಒಂದು, ಯಾವ ಕಾಗದವನ್ನು ನಂಬಿ ಶಿಕ್ಷೆ ಕೊಡುತ್ತೀರೋ ಆ ಕಾಗದ ಆಪಾದಿತನ ಕೈಗೆ ಹೋಗಲೇಬೇಕು. ಕೊಡಲು ಆಗದ ಕಾಗದವನ್ನು ಶಿಕ್ಷೆಗೆ ಆಧಾರವಾಗಿ ಹಿಡಿಯಬೇಡಿ. ಎರಡು, ವಿಳಾಸ, ಫೋನ್ ನಂಬರು, ವೈದ್ಯಕೀಯ ವಿಷಯ ಮುಂತಾದವನ್ನು ಮಸಿ ಬಳಿದು ಮುಚ್ಚಿ, ಯಾಕೆ ಮುಚ್ಚಿದ್ದೇವೆ ಎಂದು ಒಂದು ಸಾಲು ಬರೆಯಿರಿ. ಮೂರು, ನಕಲು ಹೊರಗೆ ಹೋದರೆ ಅಪಾಯವಿದೆ ಎನ್ನುವಂಥದ್ದನ್ನು ಆಫೀಸಿನಲ್ಲೇ ಕೂತು ಓದಲು, ಟಿಪ್ಪಣಿ ಮಾಡಿಕೊಳ್ಳಲು ಸಾಕಷ್ಟು ಹೊತ್ತು ಕೊಡಿ. ಜೊತೆಗೆ ಸಹಾಯಕ್ಕೆ ಬಂದ ಸಹೋದ್ಯೋಗಿಯನ್ನೂ ಕೂರಲು ಬಿಡಿ. ನಾಲ್ಕು, ನಕಲು ಪಡೆದವನಿಂದ 'ಇದನ್ನು ಯಾರಿಗೂ ತೋರಿಸುವುದಿಲ್ಲ, ಮೊಬೈಲಿನಲ್ಲಿ ಹಂಚುವುದಿಲ್ಲ' ಎಂದು ಬರೆಸಿಕೊಳ್ಳಿ. ಹಂಚಿದರೆ ಅದಕ್ಕೇ ಬೇರೆ ಕ್ರಮ ತೆಗೆದುಕೊಳ್ಳಿ. ಆಪಾದಿತನ ಹಕ್ಕು ಎಂದರೆ ವಾಟ್ಸಾಪಿನಲ್ಲಿ ಹೆಣ್ಣುಮಗಳ ಮಾನ ಕಳೆಯುವ ಹಕ್ಕಲ್ಲ.

ನೌಕರರೂ ಚುರುಕಾಗಿರಬೇಕು. 'ಎಲ್ಲ ದಾಖಲೆ ಕೊಡಿ' ಎಂದು ಬರೆದರೆ ಅರ್ಜಿ ಕಸದ ಬುಟ್ಟಿಗೆ. 'ಇಂಥ ತಾರೀಖಿನ ಇಂಥ ರಿಜಿಸ್ಟರಿನ ಇಂಥ ಪುಟ ಬೇಕು, ಇಂಥ ಕಾರಣಕ್ಕೆ ಬೇಕು' ಎಂದು ಬರೆದು, ಕೊಟ್ಟಿದ್ದಕ್ಕೆ ಸ್ವೀಕೃತಿ ಪಡೆಯಿರಿ. ಕ್ಯಾಮೆರಾದ ಚಿತ್ರ ಬೇಕಿದ್ದರೆ ಮೊದಲ ದಿನವೇ ಕೇಳಿ. ಕೆಲವು ದಿನ ಕಳೆದರೆ ಹಳೆಯದು ಅಳಿಸಿ ಹೊಸದು ಕೂತಿರುತ್ತದೆ. ಆಮೇಲೆ ಯಾವ ಕೋರ್ಟು ಹೇಳಿದರೂ ಅದು ಸಿಗುವುದಿಲ್ಲ.

ಅಂಗಡಿ ಮಾಲೀಕರು 'ಇದು ದೊಡ್ಡ ಆಫೀಸಿನ ತಲೆನೋವು' ಎಂದು ಕೈ ಕೊಡವುವಂತಿಲ್ಲ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಅಂಗಡಿ, ಹೋಟೆಲು, ಗಾರ್ಮೆಂಟು ಯಾವುದೇ ಇರಲಿ, 2013ರ ಕಾಯಿದೆಯ ಪ್ರಕಾರ ಒಳಗಿನ ಸಮಿತಿ ಇರಲೇಬೇಕು. ಇಲ್ಲದಿದ್ದರೆ 50,000 ರೂಪಾಯಿವರೆಗೆ ದಂಡ. ಹತ್ತಕ್ಕಿಂತ ಕಡಿಮೆ ಜನರಿದ್ದರೆ, ಅಥವಾ ದೂರು ಮಾಲೀಕನ ಮೇಲೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು. ತಕ್ಕ ಕಾರಣವಿದ್ದರೆ ಇನ್ನು ಮೂರು ತಿಂಗಳ ಅವಕಾಶ ಸಿಗಬಹುದು.

ಇದಕ್ಕೆಲ್ಲ ಹೊಸ ಕಾಯಿದೆಯೇನೂ ಬೇಕಿಲ್ಲ, ಸರ್ಕಾರದಿಂದ ಕಾಸೂ ಬರಬೇಕಾಗಿಲ್ಲ. ಬೇಕಾಗಿರುವುದು ಒಂದು ಜೆರಾಕ್ಸು, ಒಂದು ಕಪ್ಪು ಪೆನ್ನು, ಬಾಯಿ ಬಿಗಿಹಿಡಿಯುವ ಒಬ್ಬ ಗುಮಾಸ್ತ. ಮೊದಲೆರಡು ನಮ್ಮ ಎಲ್ಲ ಆಫೀಸುಗಳಲ್ಲೂ ಇವೆ. ಮೂರನೆಯದನ್ನು ಸಾಹೇಬರುಗಳು ತಮ್ಮ ಕೋಣೆಯಿಂದಲೇ ಹುಡುಕಲು ಶುರುಮಾಡಲಿ.